ತೋಳಿನೊಳಗಣ ಕಡ್ಡಿ

ಬೆಂಕಿಕಡ್ಡಿಯಷ್ಟೇ ಗಾತ್ರದ, ಬೆರಳಿನಿಂದ ಮುಟ್ಟಿದರೆ ತಿಳಿಯುವ ಮೃದುವಾದ ಕಡ್ಡಿಯೊಂದನ್ನು ಮೇಲ್ದೋಳಿನ ಒಳಮಗ್ಗುಲಿನ ಚರ್ಮದಡಿ ಇರಿಸಿದರೆ, ಅದರಿಂದ ಅಲ್ಪಾಲ್ಪವಾಗಿ ಒಸರುವ ಹಾರ್ಮೋನು ಮೂರು ವರ್ಷಗಳ ಕಾಲ ಅಂಡೋತ್ಪತ್ತಿಯನ್ನು ತಡೆದು ಗರ್ಭಧಾರಣೆಯನ್ನು ನಿವಾರಿಸುವುದೆಂಬುದು, ಹೆರಿಗೆಯ ಮೇಲೆ ಹೆರಿಗೆಯನ್ನು ಮೌನವಾಗಿ ಸಹಿಸಿದ ನಮ್ಮ ಅಜ್ಜಿಯರ ಕಾಲದಲ್ಲಿ ಊಹೆಗೂ ನಿಲುಕದ ಮಾತಾಗಿತ್ತು. 2017ರಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ ‘ಅಂತರಾ’ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಿಗೆ ಬಂದಿತು. ಈಚೆಗೆ ಈ ಕಡ್ಡಿಯೂ ದೇಶದ ಆಯ್ದ ಜಿಲ್ಲೆಗಳಲ್ಲಿ ದೊರೆಯತೊಡಗಿದೆ. ಇದರಿಂದ ಮುಟ್ಟು ಏರುಪೇರಾಗುವುದುಂಟು. ಅದನ್ನು ಮೊದಲೇ ತಿಳಿಯಹೇಳದ ಚಿಕಿತ್ಸೆ ಅಪೂರ್ಣವೆಂದೇ ನನ್ನ ಎಣಿಕೆ. ಬೇಡವೆನಿಸಿದಂದು ತೆಗೆಸಿಕೊಳ್ಳುವ ಸ್ವಾತಂತ್ರ್ಯವೂ ಕಡ್ಡಿ ಹಾಕಿಸಿಕೊಂಡ ಹೆಣ್ಣಿನದೇ. ಎರಡನೆಯ ಮಗುವಾದೊಡನೆ ಶಸ್ತ್ರಚಿಕಿತ್ಸೆಯೊಂದೇ ದಾರಿಯೆಂದು ಸೊಸೆಯಂದಿರಿಗೆ ಹೇಳುವ ಮುನ್ನ, ಮನೆಯ ಹಿರಿಯರು ವೈದ್ಯರಲ್ಲಿ ಈ ಕಡ್ಡಿಯ ಬಗೆಗೂ ಒಮ್ಮೆ ವಿಚಾರಿಸಬೇಕೆಂದು ಬೇಡುತ್ತೇನೆ.