ಮಿಸುಕದ ಚುಕ್ಕಾಣಿ

ಕಲಬುರಗಿಯಲ್ಲಿ ಚುಕ್ಕಾಣಿ ಎಂಬ ಮಾತನ್ನು ಕೇಳದ ಕಿವಿಯಿಲ್ಲ. ಸಹಕಾರ ಸಂಘದ ಚುನಾವಣೆ ಮುಗಿದೊಡನೆ ಯಾರೋ ಒಬ್ಬರು ಅದರ ಚುಕ್ಕಾಣಿ ಹಿಡಿಯುತ್ತಾರೆ. ಸಂಸಾರದ ಚುಕ್ಕಾಣಿ ಯಾರ ಕೈಯಲ್ಲಿದೆ ಎಂಬುದು ಪ್ರತಿ ಮನೆಯಲ್ಲಿಯೂ ಎಲ್ಲರಿಗೂ ತಿಳಿದ ಗುಟ್ಟು. ಆದರೆ ನಿಜವಾದ ಚುಕ್ಕಾಣಿಯೊಂದನ್ನು ಕೈಯಾರೆ ಹಿಡಿದವರನ್ನು ಹುಡುಕಬೇಕಾದರೆ ಹಾಡುಹಗಲಿನಲ್ಲಿ ಕಂದೀಲು ಹಿಡಿದು ಬೀದಿ ಸುತ್ತಬೇಕಾದೀತು. ತಪ್ಪು ಊರಿನದಲ್ಲ. ಇದು ತೊಗರಿಯ ಸೀಮೆ, ಕಡಲು ಕಾಣದ ಕಪ್ಪು ನೆಲ. ಅರಬ್ಬೀ ಭಾಷೆಯ ‘ಸುಕ್ಕಾನ್’ ಕನ್ನಡದಲ್ಲಿ ಚುಕ್ಕಾಣಿಯಾಗಿ ಈ ಒಣನೆಲದವರೆಗೂ ಬಂದು ತಲಪಿತು. ವಸ್ತು ಮಾತ್ರ ಹಿಂದೆಯೇ ಉಳಿಯಿತು. ಭೀಮೆಯ ಮೇಲೆ ತಲೆತಲಾಂತರದಿಂದ ತೇಲಿದ್ದು ಹರಿಗೋಲು. ಆ ದುಂಡು ಬುಟ್ಟಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಚುಕ್ಕಾಣಿಯನ್ನು ಕಟ್ಟುವುದಾದರೂ ಎಲ್ಲಿಗೆ? ಅಂಬಿಗನ ಹುಟ್ಟೇ ಅದಕ್ಕೆ ಸಕಲವೂ. ಹುಟ್ಟಿಗೆ ತುಕ್ಕು ಹಿಡಿಯುವುದಿಲ್ಲವೆಂಬುದು ಅದರ ದೊಡ್ಡ ಗುಣ.

ಮೋಟಾರು ದೋಣಿಯ ಸಂಗತಿ ಬೇರೆ. ಶರಣಬಸವೇಶ್ವರ ಕೆರೆಯ ದಂಡೆಗೆ ಸಂಜೆಯ ಗಾಳಿಗೆಂದು ಬಂದ ಸಂಸಾರಗಳಿಗೆ ದೋಣಿ ಎಂದರೆ ಮಕ್ಕಳ ಹಟ, ತಾಯಂದಿರ ಅಂಜಿಕೆ, ಅಷ್ಟೆ. ಆದರೆ 2020ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆ ದೋಣಿಯನ್ನು ಇನ್ನೊಂದು ಕಣ್ಣಿನಿಂದ ನೋಡಬೇಕಾಯಿತು. ಎಡೆಬಿಡದ ಮಳೆಯೂ, ಮಹಾರಾಷ್ಟ್ರದ ಉಜನಿ ಮೊದಲಾದ ಜಲಾಶಯಗಳಿಂದ ಹರಿದುಬಂದ ನೀರೂ ಕೂಡಿ ಭೀಮೆ ಉಕ್ಕಿದಳು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರೂ ಸೈನಿಕರೂ ದೋಣಿಗಳಲ್ಲಿ ಹೋಗಿ ನೀರು ಸುತ್ತುವರಿದ ಹಳ್ಳಿಗಳ ಜನರನ್ನು ಹೊರತಂದರು. ಅಂಥ ಪ್ರವಾಹದ ನಡುವೆ ದೋಣಿಯ ಚುಕ್ಕಾಣಿ ಹಿಡಿದುಕೊಂಡುಬಿಟ್ಟರೆ ಅದು ಸೆಳವಿಗೆ ಅಡ್ಡಲಾಗಿ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ನೀರು ಒಂದು ಮರಕ್ಕೋ ಸೇತುವೆಯ ಕಂಬಕ್ಕೋ ಒತ್ತಿ ಮಗುಚಿಹಾಕಲು ಹೆಚ್ಚು ಹೊತ್ತು ಬೇಡ. ಒಳಗೆ ಕುಳಿತವಳು ಕಂಕುಳಲ್ಲಿ ಕೂಸನ್ನೂ ಮಡಿಲಲ್ಲಿ ಪಡಿತರದ ಚೀಟಿಯನ್ನೂ ಹಿಡಿದಿರುತ್ತಾಳೆ.

ಚುಕ್ಕಾಣಿ ಕೆಡುವುದು ದುಡಿದು ಅಲ್ಲ, ಸುಮ್ಮನೆ ಕುಳಿತು. ಸದಾ ನೀರಿರುವ ಕಡೆ ದೋಣಿಗೆ ನಿತ್ಯವೂ ಕೆಲಸವಿರುತ್ತದೆ. ಒಣ ಸೀಮೆಯ ದೋಣಿಯಾದರೋ ವರ್ಷದ ಬಹುಭಾಗ ತಗಡಿನ ಕೊಟ್ಟಿಗೆಯಲ್ಲಿ ಬಿಸಿಲಿಗೆ ಕಾಯುತ್ತದೆ. ಗ್ರೀಸು ಒಣಗಿ ಮೇಣವಾಗುತ್ತದೆ, ಉಕ್ಕು ತುಕ್ಕಾಗುತ್ತದೆ. ಮಳೆ ಬಂದ ದಿನ ಚಕ್ರ ಮಿಸುಕುವುದಿಲ್ಲ. ಆಗ ಸೇರಿದವರಲ್ಲಿ ಗಟ್ಟಿಮುಟ್ಟಾದ ಇಬ್ಬರು ಮುಂದೆ ಬಂದು ಚಕ್ರವನ್ನು ಹಿಡಿದು ಜಗ್ಗುತ್ತಾರೆ. ಇದಕ್ಕಿಂತ ಅವಿವೇಕ ಇನ್ನಿಲ್ಲ. ಮುರಿಯುವುದು ತುಕ್ಕಲ್ಲ, ಚಕ್ರದ ಹಿಂದಿನ ಹಲ್ಲುಗಾಲಿ.

ಈ ಕೆಲಸಕ್ಕೆ ಬೇಕಾದದ್ದು ತೋಳ್ಬಲವಲ್ಲ, ಟ್ರ್ಯಾಕ್ಟರಿನ ಬುದ್ಧಿ. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಹೋದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಅಂಥ ಊರಿನ ಟ್ರ್ಯಾಕ್ಟರು ಮೇಸ್ತ್ರಿಯೊಬ್ಬನನ್ನು ಕರೆತಂದು ದೋಣಿಯ ಮುಂದೆ ನಿಲ್ಲಿಸಿ ನೋಡಬೇಕು. ಈಜು ಬಾರದಿದ್ದರೂ ಚಿಂತೆಯಿಲ್ಲ. ಸ್ಟೀರಿಂಗು ಬಿಗಿಯಾದ ಟ್ರ್ಯಾಕ್ಟರಿನ ಮುಂದೆ ಅವನು ಮೊದಲು ಚಕ್ರವನ್ನು ಮುಟ್ಟುವವನಲ್ಲ, ಕೊಂಡಿಯನ್ನು ಕಳಚುತ್ತಾನೆ. ಇಲ್ಲಿಯೂ ಅದೇ ಹಾದಿ. ಚಿಕ್ಕ ದೋಣಿಗಳಲ್ಲಿ ಹಿಂಬದಿಗೆ ತೂಗಿದ ಮೋಟಾರೇ ಚುಕ್ಕಾಣಿ. ಚಕ್ರದಿಂದ ಹೊರಟ ಕೇಬಲ್ಲಿನ ತುದಿಯ ಉಕ್ಕಿನ ಸರಳು ಮೋಟಾರಿನ ಮುಂದಿರುವ ನಳಿಗೆಯೊಂದರೊಳಗೆ ಹಾದು, ಕೊಂಡಿಯ ಮೂಲಕ ಮೋಟಾರನ್ನು ಎಡಬಲಕ್ಕೆ ತಳ್ಳುತ್ತದೆ. ಕೊಂಡಿಯನ್ನು ಬಿಚ್ಚಿ ಮೋಟಾರನ್ನು ಕೈಯಿಂದ ತಿರುಗಿಸಬೇಕು. ಸರಾಗವಾಗಿ ತಿರುಗಿತೆ? ಮೋಟಾರು ನಿರಪರಾಧಿ, ದೋಷ ಸರಳಿನಲ್ಲೋ ಕೇಬಲ್ಲಿನಲ್ಲೋ ಚಕ್ರದಲ್ಲೋ ಇದೆ. ತಿರುಗದಿದ್ದರೆ ಮೋಟಾರು ಆತುಕೊಂಡು ತಿರುಗುವ ಗೂಟವೇ ಹಿಡಿದಿದೆ. ಅರ್ಧ ರೋಗ ಅಲ್ಲಿಗೇ ಬಯಲಾಯಿತು. ವೈದ್ಯರಿಗೂ ಇಷ್ಟು ನೇರವಾದ ನಾಡಿ ಅಪರೂಪ!

ಹೆಚ್ಚಾಗಿ ಸಿಕ್ಕಿಬೀಳುವ ಕಳ್ಳ ನಳಿಗೆಯೊಳಗಿನ ಸರಳು. ತುಕ್ಕು ಸಡಿಲಿಸುವ ಎಣ್ಣೆಯನ್ನು ಬಿಟ್ಟು ಒಂದು ರಾತ್ರಿ ಕಾದು, ಮರದ ತುಂಡನ್ನು ಅಡ್ಡವಿಟ್ಟು ಮೆಲ್ಲಗೆ ತಟ್ಟಿದರೆ ಅದು ಹೊರಬರುವುದುಂಟು. ಆಮೇಲೆ ನಳಿಗೆಯೊಳಗಿನ ಹಳೆಯ ಮೇಣವನ್ನೆಲ್ಲ ಕೆರೆದು ತೆಗೆಯಬೇಕು. ಅದರ ಮೇಲೆಯೇ ಹೊಸ ಗ್ರೀಸು ತುಂಬುವವರು ಕಸವನ್ನು ಚಾಪೆಯ ಕೆಳಗೆ ಗುಡಿಸಿದಂತೆ ಮಾಡುತ್ತಾರೆ. ಒಳತಂತಿಗೇ ತುಕ್ಕು ಹತ್ತಿದ್ದರೆ ಉಪಚಾರ ವ್ಯರ್ಥ, ಕೇಬಲ್ಲನ್ನೇ ಬದಲಿಸಬೇಕು. ಅಲಗಿನ ಚುಕ್ಕಾಣಿಯೇ ಇರುವ ದೋಣಿಯಾದರೆ ಅಲಗಿಗೂ ತಳಕ್ಕೂ ನಡುವೆ ಹರಿದ ನೈಲಾನು ಬಲೆಯೋ ಅಂತರಗಂಗೆಯ ಬೇರೋ ಸಿಕ್ಕಿದೆಯೇ, ಕಲ್ಲಿಗೆ ತಾಗಿ ಅದರ ದಂಡ ಬಾಗಿದೆಯೇ ಎಂದು ಮೊದಲು ನೋಡಬೇಕು. ಮೋಟಾರನ್ನು ನಿಲ್ಲಿಸಿಯೇ ಕೈ ಹಾಕಬೇಕೆಂಬುದನ್ನು ಹೇಳಬೇಕಾಗಿಲ್ಲವಾದರೂ ಹೇಳುವುದೇ ಮೇಲು. ಬೆರಳುಗಳಿಗೆ ಬದಲಿ ಭಾಗ ಯಾವ ಅಂಗಡಿಯಲ್ಲಿಯೂ ಸಿಗದು.

ನಡುನೀರಿನಲ್ಲಿ ಚುಕ್ಕಾಣಿ ಹಿಡಿದುಕೊಂಡರೆ ರಿಪೇರಿಯ ಮಾತು ಆಮೇಲೆ. ಮೊದಲು ವೇಗವನ್ನು ತಗ್ಗಿಸಬೇಕು, ಬಳಿಕ ಲಂಗರು ಇಳಿಸಬೇಕು. ಲಂಗರು ಸಹ ದೋಣಿಯ ಮೂತಿಯಿಂದಲೇ ಇಳಿಯಬೇಕು. ಹಿಂಬದಿಯಿಂದ ಇಳಿಸಿದರೆ ಸೆಳವು ಹಿಂದಿನಿಂದ ಏರಿ ಒಳನುಗ್ಗುತ್ತದೆ. ನೀರು ಶಾಂತವಾಗಿದ್ದರೆ ಹಿಂಬದಿಯಲ್ಲಿ ಒಂದು ಹುಟ್ಟನ್ನು ಇಳಿಬಿಟ್ಟು ಓರೆಯಾಗಿ ಹಿಡಿದು ನಿಧಾನವಾಗಿ ದಡ ಸೇರಬಹುದು. ಹರಿಗೋಲಿನ ಅಂಬಿಗ ಇದನ್ನು ಕಂಡರೆ ಮೀಸೆಯೊಳಗೆ ನಕ್ಕಾನು.

ಇನ್ನು ಗ್ರೀಸು ಹಾಕುವ ಕ್ರಮ. ಸರಳನ್ನು ಪೂರ್ತಿಯಾಗಿ ನಳಿಗೆಯೊಳಕ್ಕೆ ಸರಿಸಿಯೇ ಗ್ರೀಸು ತುಂಬಬೇಕು. ಹೊರಚಾಚಿದ್ದಾಗ ತುಂಬಿದರೆ ಅದೇ ಬಿರಡೆಯಾಗಿ ಸರಳು ಹಿಂದಕ್ಕೆ ಬಾರದು. ಮುಗಿದ ಮೇಲೆ ಚಕ್ರವನ್ನು ಎಡತುದಿಯಿಂದ ಬಲತುದಿಗೆ ನಾಲ್ಕಾರು ಸಲ ತಿರುಗಿಸಬೇಕು. ಕೊಟ್ಟಿಗೆಯ ಬೀಗದಕೈ ಇರುವವನೇ ಈ ತಿರುಗಿಸುವ ಕೆಲಸವನ್ನು ಹದಿನೈದು ದಿನಕ್ಕೊಮ್ಮೆ ಮಾಡಬಹುದು. ಎರಡು ನಿಮಿಷ ಹಿಡಿದೀತು, ಬೇಸಿಗೆಯಲ್ಲಿಯೂ ಸಹ.