ಸರೋವರ ಹೆಪ್ಪುಗಟ್ಟುವ ಮುನ್ನ

ಸೆಪ್ಟೆಂಬರ್ ಕೊನೆಯ ಒಂದು ಬೆಳಗು. ಗನ್‌ಫ್ಲಿಂಟ್ ಸರೋವರದ ತುಂಬ ಹಬೆ ಎದ್ದಿದೆ. ಹೊಸದಾಗಿ ಬಂದವರಿಗೆ ನೀರು ಕಾಯುತ್ತಿರುವಂತೆ ಭ್ರಮೆಯಾದೀತು. ಕೈ ಅದ್ದಿದರೆ ಮಾತ್ರ ಬೆರಳು ಕೊರೆಯುವ ಚಳಿ. ರಾತ್ರಿಯ ಗಾಳಿ ನೀರಿಗಿಂತಲೂ ತಣ್ಣಗಾಗಿದೆ. ನೀರಿನಿಂದ ಮೇಲೇರಿದ ಆವಿ ಆ ಗಾಳಿಯಲ್ಲಿ ಮಂಜಾಗಿ ನಿಂತಿದೆ, ಅಷ್ಟೆ. ಆಚೆ ದಡದಲ್ಲಿ ಕೆನಡಾ, ಈಚೆ ದಡದಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯ. ಎರಡು ದೇಶಗಳ ಗಡಿರೇಖೆ ಈ ಹಬೆಯ ಕೆಳಗೆ, ನೀರಿನ ಮಧ್ಯದಲ್ಲೇ ಹಾದು ಹೋಗುತ್ತದೆ.

ದಡದಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಮನೆಗಳು. ಹೊಗೆಕೊಳವೆಯಿಂದ ಬರ್ಚ್ ಸೌದೆಯ ಹೊಗೆ. ಅಂಗಳದಲ್ಲಿ ಬೋರಲು ಹಾಕಿದ ದೋಣಿಗಳ ಸಾಲು. ಇದು ಕನೂ ಲಾಡ್ಜ್. ಲಾಡ್ಜ್ ಎಂದೊಡನೆ ಬಸ್ ನಿಲ್ದಾಣದ ಎದುರಿನ ಕಟ್ಟಡ ಕಣ್ಮುಂದೆ ಬರಬಹುದು. ಈ ಲಾಡ್ಜ್ ಬೇರೆಯೇ ಬಗೆಯದು. ಕಾಡಿನೊಳಗೆ ಹೋಗುವವರಿಗೆ ದೋಣಿ, ಡೇರೆ, ನಕ್ಷೆ, ಊಟದ ಸಾಮಾನು ಕೊಟ್ಟು ಕಳಿಸುವ, ಮರಳಿ ಬಂದವರಿಗೆ ಬಿಸಿನೀರು, ಹಾಸಿಗೆ ಕೊಡುವ ತಂಗುದಾಣ ಇದು.

ರಸ್ತೆ ಮುಗಿಯುವಲ್ಲಿ

ಸುಪೀರಿಯರ್ ಮಹಾಸರೋವರದ ದಡದಲ್ಲಿ ಗ್ರ್ಯಾಂಡ್ ಮರೇ ಎಂಬ ಪುಟ್ಟ ಊರಿದೆ. ಅಲ್ಲಿಂದ ಕಾಡಿನೊಳಗೆ ಹೊರಡುವ ರಸ್ತೆಗೆ ಗನ್‌ಫ್ಲಿಂಟ್ ಟ್ರೇಲ್ ಎಂದು ಹೆಸರು. 57 ಮೈಲಿ, ಅಂದರೆ ಸುಮಾರು 92 ಕಿಲೋಮೀಟರ್ ಹೋದ ಮೇಲೆ ರಸ್ತೆಯೇ ಮುಗಿದುಹೋಗುತ್ತದೆ. ಮುಂದೆ ನೀರೇ ದಾರಿ. ಆ ದಾರಿಯ ಇಕ್ಕೆಲಗಳಲ್ಲೂ ಹರಡಿರುವುದು 'ಬೌಂಡರಿ ವಾಟರ್ಸ್' ಎಂಬ ಸಂರಕ್ಷಿತ ಅರಣ್ಯ. ಹತ್ತು ಲಕ್ಷ ಎಕರೆಗೂ ಹೆಚ್ಚಿನ ಈ ಕಾಡಿನಲ್ಲಿ ಸಾವಿರಕ್ಕೂ ಹೆಚ್ಚು ಸರೋವರಗಳಿವೆ. ಹಿಮಯುಗದ ನೀರ್ಗಲ್ಲು ನದಿಗಳು ಬಂಡೆಯನ್ನು ಕೊರೆದು ಬಿಟ್ಟುಹೋದ ಗುಂಡಿಗಳಲ್ಲಿ ನಿಂತ ನೀರು ಇದು.

1964ರ ಕಾಯಿದೆ ಈ ಪ್ರದೇಶವನ್ನು ವನ್ಯಪ್ರದೇಶವೆಂದು ಸಾರಿತು. 1978ರ ಇನ್ನೊಂದು ಕಾಯಿದೆ ಬಹುತೇಕ ಸರೋವರಗಳಿಂದ ಮೋಟಾರು ದೋಣಿಗಳನ್ನು ಹೊರಗಿಟ್ಟಿತು. ಹೀಗಾಗಿ ಇಲ್ಲಿ ಕನೂ ದೋಣಿಯದೇ ರಾಜ್ಯ. ಎರಡೂ ತುದಿ ಚೂಪಾದ, ಹುಟ್ಟು ಹಾಕಿ ನಡೆಸುವ ಹಗುರವಾದ ದೋಣಿ ಅದು. ಒಂದು ಸರೋವರ ಮುಗಿದಲ್ಲಿ ದೋಣಿಯನ್ನೇ ತಲೆಯ ಮೇಲೆ ಬೋರಲು ಹೊತ್ತು ಮುಂದಿನ ಸರೋವರಕ್ಕೆ ನಡೆಯಬೇಕು. ಆ ಕಾಲುದಾರಿಗೆ 'ಪೋರ್ಟೇಜ್' ಎನ್ನುತ್ತಾರೆ. ಅದರ ಉದ್ದವನ್ನು ಈಗಲೂ 'ರಾಡ್' ಎಂಬ ಹಳೆಯ ಅಳತೆಯಲ್ಲೇ ಹೇಳುವುದು ರೂಢಿ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ಕನೂವಿನ ಉದ್ದ. ಒಂದು ತಂಡದಲ್ಲಿ ಒಂಬತ್ತು ಜನಕ್ಕಿಂತ ಹೆಚ್ಚಿರುವಂತಿಲ್ಲ. ಆಹಾರ, ಪಾನೀಯಗಳನ್ನು ತಗಡಿನ ಡಬ್ಬಿಯಲ್ಲೋ ಗಾಜಿನ ಶೀಸೆಯಲ್ಲೋ ಒಯ್ಯುವಂತಿಲ್ಲ.

ಬೇಸಿಗೆಯಲ್ಲಿ ಲಾಡ್ಜ್‌ಗಳು ಗಿಜಿಗುಡುತ್ತವೆ. ದೋಣಿ ತೊಳೆಯುವವರು, ಸಾಮಾನು ಕಟ್ಟುವವರು ಹೆಚ್ಚಾಗಿ ಕಾಲೇಜು ಹುಡುಗ-ಹುಡುಗಿಯರು. ರಜೆಯಲ್ಲಿ ದುಡಿದು ಫೀಸಿಗೆ ಕೂಡಿಸಿಕೊಂಡು ಆಗಸ್ಟ್ ಕೊನೆಗೆ ಅವರು ಕಾಲೇಜಿಗೆ ಮರಳುತ್ತಾರೆ. ಆಮೇಲೆ ಉಳಿಯುವವರು ಬೆರಳೆಣಿಕೆಯ ಮಂದಿ. ಸೊಳ್ಳೆಗಳೂ ಇಲ್ಲ, ಗದ್ದಲವೂ ಇಲ್ಲ. ಆದರೆ ಕೆಲಸ ಕಡಿಮೆಯಾಯಿತೆಂದು ತಿಳಿದರೆ ತಪ್ಪು. ವರ್ಷದ ಅತಿ ಮುಖ್ಯವಾದ ಕೆಲಸ ಆರಂಭವಾಗುವುದೇ ಆಗ. ಸರೋವರ ಹೆಪ್ಪುಗಟ್ಟುವ ಮುನ್ನ ಎಲ್ಲವೂ ಮುಗಿಯಬೇಕು. ಆ ಗಡುವು ಯಾರ ಮಾತನ್ನೂ ಕೇಳುವುದಿಲ್ಲ.

ಬಣ್ಣ ಬರುವ ಬಗೆ

ಗಡುವಿನ ಮೊದಲ ನೋಟೀಸು ಬರುವುದು ಮರಗಳ ಮೇಲೆ. ಸುಮಾರು 48 ಡಿಗ್ರಿ ಉತ್ತರ ಅಕ್ಷಾಂಶದ ಈ ನಾಡಿನಲ್ಲಿ ಸೆಪ್ಟೆಂಬರ್ ಕೊನೆಗೆ ಹಗಲು ದಿನಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಕಿರಿದಾಗುತ್ತ ಹೋಗುತ್ತದೆ. ಅದೇ ದಿನಗಳಲ್ಲಿ ಬೆಂಗಳೂರಿನ ಹಗಲು ಕಿರಿದಾಗುವುದು ದಿನಕ್ಕೆ ಒಂದು ನಿಮಿಷಕ್ಕಿಂತ ಕಡಿಮೆ. ಹಗಲು ಕುಗ್ಗಿದಂತೆ, ಚಳಿ ಏರಿದಂತೆ ಮರ ತನ್ನ ಎಲೆಗಳಿಂದ ಸಾರವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸಿರು ಬಣ್ಣದ ಪತ್ರಹರಿತ್ತು ಒಡೆದುಹೋಗುತ್ತದೆ. ಬೇಸಿಗೆಯಿಡೀ ಅದರ ಹಿಂದೆ ಅಡಗಿದ್ದ ಹಳದಿ ವರ್ಣಕಗಳು ಆಗ ಕಾಣಿಸಿಕೊಳ್ಳುತ್ತವೆ. ಬರ್ಚ್, ಆಸ್ಪೆನ್ ಮರಗಳು ಅರಿಶಿನ ಬಳಿದಂತಾಗುವುದು ಹೀಗೆ. ಸುಪೀರಿಯರ್ ಸರೋವರದ ಕಡೆಯ ಗುಡ್ಡಗಳಲ್ಲಿರುವ ಮೇಪಲ್ ಮರಗಳ ಕೆಂಪಿನ ಕತೆ ಬೇರೆ. ಆ ಬಣ್ಣ ಮೊದಲೇ ಇದ್ದುದಲ್ಲ. ಎಲೆ ಉದುರುವ ಮುನ್ನ ಹೊಸದಾಗಿ ತಯಾರಾದದ್ದು.

ಅಕ್ಟೋಬರ್‌ನಲ್ಲಿ ಇನ್ನೊಂದು ಸೋಜಿಗ. ಪೈನ್, ಸ್ಪ್ರೂಸ್‌ಗಳಂಥ ಸೂಜಿ ಎಲೆಯ ಮರಗಳು ಸದಾ ಹಸಿರು ಎಂದು ಮಕ್ಕಳು ಓದಿರುತ್ತಾರೆ. ಅದೇ ಬಳಗದ ಟಾಮರಾಕ್ ಎಂಬ ಮರ ಮಾತ್ರ ಜೌಗಿನ ನಡುವೆ ಹೊನ್ನಿನ ಬಣ್ಣಕ್ಕೆ ತಿರುಗಿ, ಸೂಜಿಗಳನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ.

ಕೋಲಿನಿಂದ ತಟ್ಟುವ ಸುಗ್ಗಿ

ಈ ನಾಡಿನ ಮೂಲನಿವಾಸಿಗಳು ಒಜಿಬ್ವೆ ಜನ. ಬರ್ಚ್ ಮರದ ತೊಗಟೆಯಿಂದ ಕನೂ ಕಟ್ಟುವ ಕುಶಲತೆ ಅವರದು. ಅವರ ಸುಗ್ಗಿಯೂ ಕನೂವಿನ ಮೇಲೆಯೇ. ಉತ್ತರ ಮಿನ್ನೆಸೋಟದ ಆಳವಿಲ್ಲದ ನೀರಿನಲ್ಲಿ ತಾನಾಗಿ ಬೆಳೆಯುವ ಕಾಡು ಭತ್ತವನ್ನು ಅವರು 'ಮನೂಮಿನ್' ಎನ್ನುತ್ತಾರೆ. ಅದು ಭತ್ತದ ದೂರದ ನೆಂಟನಾದ ಬೇರೊಂದು ಹುಲ್ಲು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕೊಯ್ಲು. ಒಬ್ಬರು ಉದ್ದನೆಯ ಗಳುವಿನಿಂದ ದೋಣಿಯನ್ನು ತಳ್ಳುತ್ತಾರೆ. ಇನ್ನೊಬ್ಬರು ಎರಡು ಹಗುರ ಕೋಲು ಹಿಡಿದು, ಒಂದರಿಂದ ತೆನೆಯನ್ನು ದೋಣಿಯ ಮೇಲೆ ಬಾಗಿಸಿ ಇನ್ನೊಂದರಿಂದ ಮೆಲ್ಲಗೆ ತಟ್ಟುತ್ತಾರೆ. ಬಲಿತ ಕಾಳು ಮಾತ್ರ ಉದುರುತ್ತದೆ. ಅದರಲ್ಲೂ ಒಂದಷ್ಟು ನೀರಿಗೆ ಬಿದ್ದು ಮುಂದಿನ ವರ್ಷದ ಬಿತ್ತನೆಯಾಗುತ್ತದೆ. ಮನೆಗೆ ತಂದ ಕಾಳನ್ನು ಹುರಿದು, ತುಳಿದು, ತೂರಿ ಹಸನು ಮಾಡುತ್ತಾರೆ. ಸಹಜವಾಗಿ ಬೆಳೆದ ಈ ಭತ್ತಕ್ಕೆ ಯಂತ್ರ ಹಚ್ಚುವುದನ್ನು ರಾಜ್ಯದ ಕಾನೂನೂ ಒಪ್ಪುವುದಿಲ್ಲ.

ಎರಡು ಲಾಡ್ಜ್‌ಗಳು

ಬೀವರ್ ಎಂಬ ಪ್ರಾಣಿ ಕಟ್ಟುವ ಮನೆಗೂ ಇಂಗ್ಲಿಷಿನಲ್ಲಿ ಲಾಡ್ಜ್ ಎಂದೇ ಹೆಸರು. ಶರತ್ಕಾಲದಲ್ಲಿ ಎರಡೂ ಲಾಡ್ಜ್‌ಗಳ ಕೆಲಸ ಅಕ್ಕಪಕ್ಕದಲ್ಲೇ ಸಾಗುತ್ತದೆ.

ಮನುಷ್ಯರ ಲಾಡ್ಜ್‌ನಲ್ಲಿ ಸೌದೆ ಸೀಳಿ ಒಟ್ಟುತ್ತಾರೆ. ಡೇರೆಗಳನ್ನು ಒಣಗಿಸಿ ಮಡಿಸುತ್ತಾರೆ. ಮರದ ದೋಣಿಗಟ್ಟೆಯನ್ನು ನೀರಿನಿಂದ ದಡಕ್ಕೆ ಎಳೆಯುತ್ತಾರೆ. ಬಿಟ್ಟರೆ ಹೆಪ್ಪುಗಟ್ಟಿದ ಸರೋವರದ ಒತ್ತಡಕ್ಕೆ ಅದು ಮುರಿದುಹೋಗುತ್ತದೆ. ಚಳಿಗಾಲದಲ್ಲಿ ಮುಚ್ಚಿಡುವ ಕೋಣೆಗಳ ನಲ್ಲಿ ಕೊಳವೆಗಳಿಂದ ಕೊನೆಯ ಹನಿಯವರೆಗೂ ನೀರು ಹೊರಹಾಕಬೇಕು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಮರೆತು ಬಿಟ್ಟ ಒಂದು ಮೊಳ ನೀರು ಸಾಕು, ಲೋಹದ ಕೊಳವೆಯೂ ಸೀಳಿಹೋಗುತ್ತದೆ. ತಪ್ಪು ಗೊತ್ತಾಗುವುದು ಮುಂದಿನ ವಸಂತದಲ್ಲಿ, ನಲ್ಲಿ ತಿರುಗಿಸಿದಾಗ!

ಬೀವರ್‌ನ ಲಾಡ್ಜ್‌ನಲ್ಲಿ ಕೊಂಬೆಗಳ ಮೇಲೆ ಹೊಸದಾಗಿ ಕೆಸರು ಮೆತ್ತುತ್ತಿರುತ್ತಾರೆ ಅಪ್ಪ, ಅಮ್ಮ, ಮಕ್ಕಳು. ಚಳಿಗೆ ಆ ಕೆಸರು ಕಲ್ಲಿನಂತಾಗುತ್ತದೆ; ಆಮೇಲೆ ತೋಳವೂ ಅದನ್ನು ಬಗೆಯಲಾರದು. ಬೀವರ್ ಚಳಿಗಾಲವಿಡೀ ನಿದ್ದೆ ಮಾಡುವ ಪ್ರಾಣಿಯಲ್ಲ. ಆದ್ದರಿಂದ ಊಟ ಬೇಕು. ಆಸ್ಪೆನ್ ಕೊಂಬೆಗಳನ್ನು ಕಡಿದು ತಂದು ಮನೆಯ ಮುಂದೆ ನೀರಿನಲ್ಲಿ ಮುಳುಗಿಸಿ ರಾಶಿ ಹಾಕುತ್ತದೆ. ಮನೆಯ ಬಾಗಿಲು ಇರುವುದು ನೀರಿನಡಿಯಲ್ಲಿ. ಮೇಲೆ ಮೊಳ ದಪ್ಪದ ಮಂಜುಗಡ್ಡೆ ಬಿದ್ದರೂ ಕೆಳಗೆ ಈಜಿ ಹೋಗಿ ಒಂದು ಕೊಂಬೆ ಎಳೆದುಕೊಂಡು ಬರಬಹುದು.

ನಾಲ್ಕು ಡಿಗ್ರಿಯ ಗುಟ್ಟು

ಆದರೆ ಕೆಳಗೆ ನೀರು ದ್ರವವಾಗಿಯೇ ಉಳಿಯುವುದು ಹೇಗೆ? ಉತ್ತರ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇದೆ: ನೀರಿನ ಅಸಂಗತ ವ್ಯಾಕೋಚನ. ಎಷ್ಟೋ ವಿದ್ಯಾರ್ಥಿಗಳು ಎರಡು ಅಂಕದ ಪ್ರಶ್ನೆಯೆಂದು ಬಾಯಿಪಾಠ ಮಾಡಿ ಮರೆಯುವ ಪಾಠ. ಈ ಸರೋವರಗಳ ಜೀವವೆಲ್ಲ ನಿಂತಿರುವುದು ಅದರ ಮೇಲೆ.

ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೇಸಿಗೆಯಲ್ಲಿ ಬೆಚ್ಚಗಿನ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ, ಎರಡೂ ಬೆರೆಯುವುದಿಲ್ಲ. ಶರತ್ಕಾಲದಲ್ಲಿ ಮೇಲಿನ ನೀರು ತಣ್ಣಗಾಗುತ್ತ ಭಾರವಾಗಿ ಕೆಳಗಿಳಿಯುತ್ತದೆ. ಮೇಲೆ ಕೆಳಗೆ ಒಂದೇ ಉಷ್ಣತೆ ಬಂದಾಗ ಗಾಳಿ ಬೀಸಿದರೆ ಸಾಕು, ಇಡೀ ಸರೋವರ ಕಡೆಗೋಲಿಟ್ಟ ಮಜ್ಜಿಗೆಯಂತೆ ಕದಡುತ್ತದೆ. ಮೇಲ್ಭಾಗದ ಆಮ್ಲಜನಕ ತಳದವರೆಗೂ ಇಳಿಯುತ್ತದೆ. ಮೀನುಗಳು ಚಳಿಗಾಲ ಕಳೆಯುವುದು ಈ ಉಸಿರಿನ ಉಳಿತಾಯದಲ್ಲಿ. ನಾಲ್ಕು ಡಿಗ್ರಿಗಿಂತ ಕೆಳಗಿಳಿದ ನೀರು ಮತ್ತೆ ಹಗುರವಾಗಿ ಮೇಲೆಯೇ ನಿಂತು, ಸೊನ್ನೆಯಲ್ಲಿ ಹೆಪ್ಪುಗಟ್ಟಿ ಸರೋವರಕ್ಕೆ ಮುಚ್ಚಳವಾಗುತ್ತದೆ. ಬೇರೆ ದ್ರವಗಳಂತೆ ನೀರೂ ತಣ್ಣಗಾದಷ್ಟೂ ಭಾರವಾಗುತ್ತ ಹೋಗಿದ್ದರೆ ಹೆಪ್ಪು ತಳದಿಂದಲೇ ಆರಂಭವಾಗಬೇಕಿತ್ತು. ಆಗ ಮೀನೂ ಇಲ್ಲ, ಬೀವರೂ ಇಲ್ಲ.

ತಣ್ಣೀರಿಗೆ ಇನ್ನೊಂದು ಮುಖವೂ ಇದೆ. ಅಕ್ಟೋಬರ್‌ನಲ್ಲಿ ದೋಣಿ ಮಗುಚಿದರೆ ಕೈಬೆರಳುಗಳು ಕೆಲವೇ ನಿಮಿಷಗಳಲ್ಲಿ ಹಿಡಿತ ಕಳೆದುಕೊಳ್ಳುತ್ತವೆ. ಒಳ್ಳೆಯ ಈಜುಗಾರನೂ ಇದಕ್ಕೆ ಹೊರತಲ್ಲ. ಅದಕ್ಕೇ ತೇಲುಜಾಕೀಟು ಕಳಚಬೇಡಿ, ಸರೋವರದ ನಡುವೆ ಹೋಗದೆ ದಡ ಹಿಡಿದು ಸಾಗಿ, ಮರಳುವ ದಿನ ಬರೆದಿಟ್ಟು ಹೋಗಿ ಎಂಬ ಬುದ್ಧಿಮಾತು. ಅಕ್ಟೋಬರ್ ಒಂದರಿಂದ ಪ್ರವೇಶಪತ್ರಕ್ಕೆ ಮಿತಿಯಿಲ್ಲ, ಯಾತ್ರಿಕರೇ ಬರೆದುಕೊಂಡು ಹೋಗಬಹುದು. ದಾರಿಯಲ್ಲಿ ಸಹಾಯಕ್ಕೆ ಸಿಗುವವರೂ ಅಷ್ಟೇ ವಿರಳ.

ತಪ್ಪಿಹೋದ ವೈದ್ಯಕೀಯ ಓದು

ಗನ್‌ಫ್ಲಿಂಟ್ ಲಾಡ್ಜ್‌ನ ಹೆಸರಿನೊಂದಿಗೆ ಬೆರೆತುಹೋದ ಹೆಸರು ಜಸ್ಟೀನ್ ಕೆರ್‌ಫುಟ್. 1906ರಲ್ಲಿ ಹುಟ್ಟಿದ ಈಕೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದವರು. ಮುಂದೆ ಡಾಕ್ಟರಾಗಬೇಕೆಂಬ ಆಸೆ. ತಾಯಿ 1920ರ ದಶಕದ ಕೊನೆಯಲ್ಲಿ ಈ ಲಾಡ್ಜ್ ಕೊಂಡಿದ್ದರು. 1929ರ ಆರ್ಥಿಕ ಕುಸಿತ ಆ ಕುಟುಂಬವನ್ನೂ ಬಿಡಲಿಲ್ಲ. ವೈದ್ಯಕೀಯ ಓದು ಅಲ್ಲಿಗೆ ನಿಂತಿತು. ಬೇಸಿಗೆಯ ತಾಣವಾಗಿದ್ದ ಕಾಡಿನ ಮನೆಯೇ ಬದುಕಿನ ಆಸರೆಯಾಯಿತು.

ನಗರದಲ್ಲಿ ಬೆಳೆದ ಹುಡುಗಿಗೆ ಅಲ್ಲಿನ ಚಳಿಗಾಲದ ಅ ಆ ಇ ಈ ಕೂಡ ಗೊತ್ತಿರಲಿಲ್ಲ. ಕಲಿಸಿದವರು ನೆರೆಯ ಒಜಿಬ್ವೆ ಜನ. ಕಾಡಿನಲ್ಲಿ ದಾರಿ ಕಾಣುವುದು, ನಾಯಿಗಳಿಂದ ಹಿಮಬಂಡಿ ಓಡಿಸುವುದು, ಯಾವ ಮಂಜುಗಡ್ಡೆಯ ಮೇಲೆ ಕಾಲಿಡಬಹುದು ಎಂದು ಅರಿಯುವುದು ಎಲ್ಲವೂ ಅಲ್ಲಿನ ಪಾಠ. ಜಸ್ಟೀನ್ ಮಾರ್ಗದರ್ಶಿಯಾದರು, ಲಾಡ್ಜ್ ನಡೆಸಿದರು, ದಶಕಗಳ ಕಾಲ ಸ್ಥಳೀಯ ಪತ್ರಿಕೆಗೆ ಅಂಕಣ ಬರೆದರು. 1986ರಲ್ಲಿ ಅವರ ಆತ್ಮಕಥನ 'ವುಮನ್ ಆಫ್ ದಿ ಬೌಂಡರಿ ವಾಟರ್ಸ್' ಹೊರಬಂತು. 2001ರಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬೇಕಾದ ಕೋರ್ಸು ಸಿಗದಿದ್ದರೆ ಬದುಕೇ ಮುಗಿಯಿತೆಂದು ಮಕ್ಕಳೂ, ಅವರಿಗಿಂತ ಹೆಚ್ಚಾಗಿ ಪೋಷಕರೂ ಕುಗ್ಗುವ ಮನೆಗಳಲ್ಲಿ ಹೇಳಬೇಕಾದ ಕತೆ ಇದು. ಓದಿದ ಪ್ರಾಣಿಶಾಸ್ತ್ರ ಎಲ್ಲಿಗೂ ಹೋಗಲಿಲ್ಲ. ಅದರ ಪ್ರಾಣಿಗಳೆಲ್ಲ ಮನೆಯ ಬಾಗಿಲಲ್ಲೇ ಇದ್ದವು.

ಒಂಟಿ ಮರಿಗಳ ಪಯಣ

ಅಂಥ ಪ್ರಾಣಿಗಳಲ್ಲೊಂದು ಲೂನ್ ಎಂಬ ನೀರುಹಕ್ಕಿ, ಮಿನ್ನೆಸೋಟದ ರಾಜ್ಯಪಕ್ಷಿ. ಬೇಸಿಗೆಯ ರಾತ್ರಿಗಳಲ್ಲಿ ಅದರ ನೀಳವಾದ ಕೂಗು ಸರೋವರದಿಂದ ಸರೋವರಕ್ಕೆ ಹಬ್ಬುತ್ತದೆ. ಶರತ್ಕಾಲದಲ್ಲಿ ದೊಡ್ಡ ಹಕ್ಕಿಗಳು ದಕ್ಷಿಣಕ್ಕೆ, ಮೆಕ್ಸಿಕೋ ಕೊಲ್ಲಿ ಮತ್ತು ಫ್ಲಾರಿಡಾದ ಕರಾವಳಿಗೆ ಹೊರಟುಹೋಗುತ್ತವೆ. ಮರಿಗಳನ್ನು ಮಾತ್ರ ಜೊತೆಗೆ ಕರೆದೊಯ್ಯುವುದಿಲ್ಲ! ಮರಿಗಳು ಇನ್ನೂ ಕೆಲವು ವಾರ ಮೀನು ಹಿಡಿದು ತಿಂದು, ರೆಕ್ಕೆ ಬಲಿಸಿಕೊಂಡು, ಒಂದು ದಿನ ತಾವಾಗಿಯೇ ಹೊರಡುತ್ತವೆ. ಮೊದಲೆಂದೂ ಕಾಣದ ಸಮುದ್ರಕ್ಕೆ ದಾರಿ ತೋರಿಸುವವರಿಲ್ಲ. ತಡಮಾಡುವಂತೆಯೂ ಇಲ್ಲ. ಮೈಭಾರದ ಈ ಹಕ್ಕಿಗೆ ಮೇಲೇರಲು ನೀರಿನ ಮೇಲೆ ಉದ್ದಕ್ಕೆ ಓಡಬೇಕು. ಸುತ್ತ ಹೆಪ್ಪುಗಟ್ಟಿ ನೀರು ಕಿರಿದಾದರೆ ಅದು ಅಲ್ಲೇ ಸೆರೆ.

ಹೀಗೆ ಎಲ್ಲರ ಲೆಕ್ಕವೂ ಹೆಪ್ಪುಗಟ್ಟುವ ದಿನದ ಮೇಲೆ ನಿಂತಿದೆ. ಈಗ ಆ ದಿನವೇ ಕದಲುತ್ತಿದೆ. ಮಿನ್ನೆಸೋಟದಲ್ಲಿ ಸರೋವರ ಹೆಪ್ಪುಗಟ್ಟಿದ, ಕರಗಿದ ದಿನಾಂಕಗಳನ್ನು ಜನ ಬಹುಕಾಲದಿಂದ ಬರೆದಿಟ್ಟಿದ್ದಾರೆ. ಮಂಜುಗಡ್ಡೆ ಇರುವ ದಿನಗಳು ಕಡಿಮೆಯಾಗುತ್ತಿವೆ ಎಂಬುದನ್ನು ಆ ದಾಖಲೆಗಳೇ ಹೇಳುತ್ತವೆ. ಈಶಾನ್ಯ ಮಿನ್ನೆಸೋಟದಲ್ಲಿ 2006ರಲ್ಲಿ ಸುಮಾರು 8,800 ಎಂದು ಅಂದಾಜಾಗಿದ್ದ ಮೂಸ್ ಎಂಬ ದೊಡ್ಡ ಕಡವೆಗಳ ಸಂಖ್ಯೆ ಆಮೇಲಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಜಿಂಕೆಗಳಿಂದ ಹರಡುವ ಹುಳು, ಮೈಗೆ ಹತ್ತುವ ಉಣ್ಣೆ, ಏರುತ್ತಿರುವ ಉಷ್ಣತೆ ಇವೆಲ್ಲ ಅದಕ್ಕೆ ಕಾರಣಗಳೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಯಾರೋ ಬೇಸರಪಡದೆ ವರ್ಷವರ್ಷವೂ ಬರೆದಿಟ್ಟ ಒಂದು ಸಾಲು ಹೀಗೆ ವಿಜ್ಞಾನವಾಗುತ್ತದೆ.

ಕೊನೆಗೊಂದು ರಾತ್ರಿ ಗಾಳಿ ಪೂರ್ತಿ ನಿಲ್ಲುತ್ತದೆ. ಬೆಳಗಾಗುವಾಗ ಸರೋವರದ ಮೇಲೆ ಕನ್ನಡಿಯಂಥ ತೆಳ್ಳನೆಯ ಪದರ. ಅದು ದಪ್ಪವಾಗುತ್ತ, ಹಿಗ್ಗುತ್ತ, ಬಿರಿಯುತ್ತ ಗುಂಯ್ ಎಂದು ಸದ್ದು ಮಾಡುತ್ತದೆ. ಲಾಡ್ಜ್‌ನ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿದೆ. ದೋಣಿಗಳೆಲ್ಲ ಬೋರಲಾಗಿ ಮಲಗಿವೆ. ಬೀವರ್ ಮನೆಯ ಮುಂದೆ ನೀರಿನಡಿ ಕೊಂಬೆಗಳ ರಾಶಿ ಭದ್ರವಾಗಿದೆ. ಲೂನ್ ಮರಿ ಇದ್ದ ಜಾಗ ಖಾಲಿ. ಅದು ಸಮಯಕ್ಕೆ ಸರಿಯಾಗಿ ಹೊರಟಿದೆ.