ಬಳೆಗೆ ಬೆಲೆ ಕಟ್ಟುವ ಲೆಕ್ಕ

ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹಾಗಾಗಿ ರೇಷ್ಮೆ ದಾರದ ಬಳೆ, ಜುಮ್ಕಿ, ಮಣಿಸರ ಮಾಡಿ ಮಾರುವ ನಮ್ಮ ಅತ್ತಿಗೆಗೆ ಆರ್ಡರೂ ಇಲ್ಲ. ಬಸವೇಶ್ವರನಗರದ ಎರಡು ಬೆಡ್‌ರೂಮಿನ ಮನೆಯಲ್ಲಿ ಅವರ ಕಾರ್ಖಾನೆ ಅಂದರೆ ಡೈನಿಂಗ್ ಟೇಬಲ್ಲಿನ ಅರ್ಧ ಭಾಗ, ಬೀರುವಿನ ಕೆಳಗಿನ ಎರಡು ಖಾನೆ, ಮತ್ತೆ ಐಸ್‌ಕ್ರೀಮ್ ಡಬ್ಬಿಗಳ ಒಂದು ಗೋಪುರ. 2025ರ ಸಂಕ್ರಾಂತಿ ಹೊತ್ತಿಗೆ ಶುರು ಮಾಡಿದ್ದು. ಆಷಾಢ ಬರುವಷ್ಟರಲ್ಲಿ ಅವರ ಬಾಯಲ್ಲಿ ಒಂದೇ ಮಾತು: "ಇದನ್ನ ನಿಲ್ಲಿಸಿಬಿಡ್ತೀನಿ ಕಣೇ. ದುಡ್ಡು ಬರುತ್ತೆ, ಎಲ್ಲಿ ಹೋಗುತ್ತೋ ಗೊತ್ತಾಗಲ್ಲ."

ಬರೀ ಮಾತಲ್ಲ. ಮನೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ರಿಸೆಪ್ಷನ್ ಕೆಲಸ ಖಾಲಿ ಇತ್ತು. ತಿಂಗಳ ಕೊನೆಯೊಳಗೆ ಹೇಳಬೇಕಿತ್ತು. ಅಣ್ಣ ಏನೂ ಅಂದಿರಲಿಲ್ಲ. ಆದರೆ ಅವನು ಬಳೆ ಕೆಲಸವನ್ನ "ಟೈಮ್‌ಪಾಸ್" ಅಂತ ಕರೆಯುತ್ತಿದ್ದದ್ದು ಅತ್ತಿಗೆಗೆ ನಾಟಿತ್ತು.

ನಾನು ಸಾಫ್ಟ್‌ವೇರ್‌ನಲ್ಲಿರೋದರಿಂದ ಎಕ್ಸೆಲ್ ಶೀಟ್ ಅಂದರೆ ನಮ್ಮ ಮನೆಯವರಿಗೆಲ್ಲ ನನ್ನ ನೆನಪು. ಆದರೆ ನಾದಿನಿ ಬಂದು ಲೆಕ್ಕ ಕೇಳಿದರೆ ಯಾವ ಅತ್ತಿಗೆಗೆ ಖುಷಿಯಾಗುತ್ತೆ? ಅವರಾಗಿ ಕರೆಯಲಿ ಅಂತ ಸುಮ್ಮನಿದ್ದೆ. ಒಂದು ಶನಿವಾರ ಫೋನ್ ಬಂತು. "ಭಾನುವಾರ ತಿಂಡಿಗೇ ಬಾ. ಅಕ್ಕಿ ರೊಟ್ಟಿ ಮಾಡ್ತೀನಿ. ನನ್ನ ಪುಸ್ತಕ ಒಂದು ಸಲ ನೋಡು."

ದುಡ್ಡು ಡಬ್ಬಿಯಲ್ಲಿತ್ತು

ಅತ್ತಿಗೆಯ ಪುಸ್ತಕ ನಿಜಕ್ಕೂ ಚೆನ್ನಾಗಿತ್ತು. ನೂರು ಪುಟದ ನೋಟ್‌ಬುಕ್, ಎಡಕ್ಕೆ ಖರ್ಚು, ಬಲಕ್ಕೆ ಬಂದಿದ್ದು. ಆರು ತಿಂಗಳಲ್ಲಿ ಬಂದಿದ್ದು 31,000 ರೂಪಾಯಿ. ಸಾಮಾನು, ಡಬ್ಬಿ, ಓಡಾಟ ಎಲ್ಲ ಸೇರಿ ಹೋಗಿದ್ದು 27,000. ಉಳಿದದ್ದು 4,000. ಅಂದರೆ ತಿಂಗಳಿಗೆ ಏಳುನೂರು ರೂಪಾಯಿಯೂ ಇಲ್ಲ. ಇದನ್ನ ನೋಡಿದರೆ ಯಾರಿಗಾದರೂ ನಿಲ್ಲಿಸೋಣ ಅನ್ನಿಸುತ್ತೆ.

ಆದರೆ ಆ ಪುಸ್ತಕ ಒಂದು ವಿಷಯ ಹೇಳುತ್ತಿರಲಿಲ್ಲ. ಕೊಂಡು ತಂದದ್ದೆಲ್ಲ ಖರ್ಚಾಗಿರಲಿಲ್ಲ. ಚಿಕ್ಕಪೇಟೆ, ಮಾಮೂಲ್‌ಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ಹತ್ತು ಕೊಕ್ಕೆ ಕೊಡಿ ಅಂದರೆ ಕೊಡೋದಿಲ್ಲ. ಪ್ಯಾಕೆಟ್ಟೇ ತಗೋಬೇಕು, ಕೆಲವು ಸಾಮಾನು ಗ್ರೋಸ್ ಲೆಕ್ಕ, ಅಂದರೆ 144. ಮಣಿ ತೂಕಕ್ಕೆ ಇಲ್ಲವೇ ಸರದ ಲೆಕ್ಕ, ಸ್ಟೋನ್ ಚೈನ್ ಮೀಟರ್ ಲೆಕ್ಕ, ಬಳೆಯ ಪ್ಲಾಸ್ಟಿಕ್ ತಳ ಡಜನ್ ಲೆಕ್ಕ, ದಾರ ರೋಲ್ ಲೆಕ್ಕ. ಒಂದೇ ಒಂದು ಜೊತೆ ಬಳೆಗೆ ನಾಲ್ಕು ಥರದ ಅಳತೆ. ತಂದದ್ದರಲ್ಲಿ ಅರ್ಧ ಡಬ್ಬಿಯಲ್ಲೇ ಕೂತಿರುತ್ತೆ.

ಹಾಗಾಗಿ ಮೊದಲ ಕೆಲಸ, ಇರೋದನ್ನ ಎಣಿಸೋದು. ಮಣಿಗಳನ್ನ ಒಂದೊಂದಾಗಿ ಯಾರು ಎಣಿಸ್ತಾರೆ? ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದೆವು. 6 ಮಿಲಿಮೀಟರಿನ ಗಾಜಿನ ಮಣಿ ನೂರು ಎಣಿಸಿ ಇಟ್ಟರೆ 26 ಗ್ರಾಂ ಬಂತು. ಡಬ್ಬಿಯಲ್ಲಿದ್ದದ್ದು 208 ಗ್ರಾಂ. ಅಲ್ಲಿಗೆ 800 ಮಣಿ. ಹತ್ತು ಸೆಕೆಂಡಿನ ಕೆಲಸ. ಸರವಾದರೆ ಇನ್ನೂ ಸುಲಭ. 40 ಸೆಂಟಿಮೀಟರ್ ಉದ್ದದ ಸರದಲ್ಲಿ 4 ಮಿಲಿಮೀಟರಿನ ಮಣಿ ಸುಮಾರು ನೂರು, 8 ಮಿಲಿಮೀಟರಿನದು ಸುಮಾರು ಐವತ್ತು.

ತೂಕದ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒಂದೇ ಗಾತ್ರದ ಪ್ಲಾಸ್ಟಿಕ್ ಮಣಿ ಗಾಜಿನ ಮಣಿಯ ಅರ್ಧದಷ್ಟೂ ತೂಗುವುದಿಲ್ಲ. ನೂರು ಗ್ರಾಂ ಪೊಟ್ಟಣದಲ್ಲಿ ಗಾಜಿನದು ನಾನೂರು ಇದ್ದರೆ ಪ್ಲಾಸ್ಟಿಕ್‌ನದು ಎಂಟುನೂರಕ್ಕೂ ಹೆಚ್ಚು. ಆದ್ದರಿಂದ ಎರಡು ಪೊಟ್ಟಣದ ಬೆಲೆ ಹೋಲಿಸೋದರಲ್ಲಿ ಅರ್ಥವಿಲ್ಲ, ಒಂದು ಮಣಿಗೆ ಎಷ್ಟು ಬಿತ್ತು ಅಂತ ನೋಡಬೇಕು.

ಸಂಜೆ ಹೊತ್ತಿಗೆ ಉತ್ತರ ಸಿಕ್ಕಿತು. ಐಸ್‌ಕ್ರೀಮ್ ಡಬ್ಬಿಗಳಲ್ಲಿ ಒಟ್ಟು 11,400 ರೂಪಾಯಿಯ ಸಾಮಾನು ಇತ್ತು! ಅಂದರೆ 27,000ದಲ್ಲಿ ನಿಜವಾಗಿ ಖರ್ಚಾಗಿದ್ದು 15,600 ಮಾತ್ರ. ಉಳಿದದ್ದು 4,000 ಅಲ್ಲ, 15,400. ಅದರಲ್ಲಿ ಯಾರೂ ಕೇಳದ ಬಣ್ಣಗಳು, ಹೊಳಪು ಹೋದ ಸ್ಟೋನ್‌ಗಳು ಸುಮಾರು 3,000 ರೂಪಾಯಿಯಷ್ಟಿದ್ದವು. ಅದನ್ನ ನಷ್ಟ ಅಂತಲೇ ಬರೆದು ಕಳೆದೆವು. 12,400 ಉಳಿಯಿತು. ತಿಂಗಳಿಗೆ ಎರಡು ಸಾವಿರ ಚಿಲ್ಲರೆ.

ಅತ್ತಿಗೆ ಡಬ್ಬಿಗಳ ಗೋಪುರ ನೋಡುತ್ತಾ, "ಹಂಗಾದ್ರೆ ದುಡ್ಡು ಇಲ್ಲೇ ಕೂತಿತ್ತಾ?" ಅಂದರು.

ಶುರುವಿನಲ್ಲಿ ಇದ್ದ ಸಾಮಾನು, ಅದಕ್ಕೆ ಕೊಂಡದ್ದನ್ನ ಕೂಡಿಸಿ, ಕೊನೆಗೆ ಉಳಿದದ್ದನ್ನ ಕಳೆಯೋದು. ಬಿ.ಕಾಂ. ಮೊದಲ ವರ್ಷದ ಪಾಠ. ಆದರೆ ಮನೆಯಲ್ಲಿ ಕೂತು ಕೆಲಸ ಮಾಡುವ ಎಷ್ಟೋ ಹೆಂಗಸರು ಈ ಕೊನೆಯ ಕಳೆಯುವ ಲೆಕ್ಕಕ್ಕೆ ಬರುವ ಮೊದಲೇ "ನನ್ನಿಂದ ಆಗಲ್ಲ" ಅಂತ ಕೈಬಿಟ್ಟಿರುತ್ತಾರೆ.

ಎರಡು ಆರು ಅಂದರೆ 2.6 ಅಲ್ಲ

ಆಮೇಲೆ ಫೋನಿನಲ್ಲೇ ತೆರೆಯುವ ಒಂದು ಶೀಟ್ ಮಾಡಿಕೊಟ್ಟೆ. ದೊಡ್ಡ ಆ್ಯಪ್ ಏನಲ್ಲ, ಮೂರೇ ಪುಟ: ಕೊಂಡದ್ದು, ಒಂದೊಂದು ಡಿಸೈನ್‌ಗೆ ಬೇಕಾಗೋದು, ಮಾರಿದ್ದು. ಅತ್ತಿಗೆ ನೋಟ್‌ಬುಕ್ ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಪೇಟೆಯಲ್ಲಿ ನಿಂತು ಪುಸ್ತಕದಲ್ಲಿ ಗೀಚ್ತಾರೆ, ರಾತ್ರಿ ಶೀಟಿಗೆ ಹಾಕ್ತಾರೆ. ಅಂಗಡಿಯವರು ಕೊಡುವ ಬಿಳಿ ಚೀಟಿಯ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತೆ, ಅದಕ್ಕೇ ಅಲ್ಲೇ ಒಂದು ಫೋಟೋ.

ಶೀಟ್ ಮಾಡುವಾಗ ಬಳೆ ಅಳತೆಯ ಕಾಲಮ್ಮನ್ನ ಮೊದಲೇ ಟೆಕ್ಸ್ಟ್ ಅಂತ ಮಾಡಿಟ್ಟೆ. ಯಾಕೆ ಅಂದರೆ ನಾವು ಅಂಗಡಿಯಲ್ಲಿ ಕೇಳುವ "ಎರಡು ಆರು" ದಶಮಾಂಶ ಅಲ್ಲ. ಅದು ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ಆರು ಭಾಗ. ಒಳವ್ಯಾಸ ಸುಮಾರು 60 ಮಿಲಿಮೀಟರ್. ಎರಡು ಎಂಟು ಅಂದರೆ ಸರಿಯಾಗಿ ಎರಡೂವರೆ ಇಂಚು. ಹಾಗೆ ನೋಡಿದರೆ "ಎರಡು ಹತ್ತು" ಇವೆರಡಕ್ಕಿಂತ ದೊಡ್ಡದು. ಆದರೆ ಶೀಟಿನಲ್ಲಿ 2.10 ಅಂತ ಹಾಕಿದರೆ ಅದು ತಾನಾಗೇ 2.1 ಆಗಿ ಪಟ್ಟಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಬಳೆಯಾಗಿ ಕೂತುಬಿಡುತ್ತೆ.

ಈ ಅಳತೆಗೂ ಖರ್ಚಿಗೂ ನೇರ ಸಂಬಂಧ ಇದೆ. ಎರಡು ಆರರ ಬಳೆಯ ಸುತ್ತ ಒಂದು ಸಾಲು ಸ್ಟೋನ್ ಚೈನ್ ಹಾಕೋಕೆ ಸುಮಾರು 20 ಸೆಂಟಿಮೀಟರ್ ಬೇಕು. ಒಂದು ಮೀಟರಿನಲ್ಲಿ ಐದು ಬಳೆ. ಅಂದರೆ ಎರಡು ಜೊತೆ ಆಗಿ ಒಂದು ಬಳೆಯ ತುಂಡು ಉಳಿಯುತ್ತೆ. ಎರಡು ಮೀಟರ್ ತಂದರೆ ಸರಿಯಾಗಿ ಐದು ಜೊತೆ.

ತಂತಿಯಲ್ಲೂ ಇಂಥದ್ದೇ ಒಂದು ಕಥೆ. ಅಮೆರಿಕದ ಯೂಟ್ಯೂಬ್ ವಿಡಿಯೋದಲ್ಲಿ 20 ಗೇಜ್ ಅಂದರೆ 0.81 ಮಿಲಿಮೀಟರ್. ಬ್ರಿಟಿಷ್ ಪದ್ಧತಿಯಲ್ಲಿ 20 ಗೇಜ್ 0.91 ಮಿಲಿಮೀಟರ್, ನಮ್ಮಲ್ಲಿ ಇದರ ಬಳಕೆಯೂ ಇದೆ. ಸಣ್ಣ ಮಣಿಯ ತೂತಿಗೆ ಇಷ್ಟು ವ್ಯತ್ಯಾಸ ಸಾಕು, ತಂತಿ ಒಳಗೆ ಹೋಗೋದೇ ಇಲ್ಲ. ಗೇಜ್ ಬಿಟ್ಟು ಮಿಲಿಮೀಟರ್ ಕೇಳೋದು ಒಳ್ಳೇದು.

ನೂರು ಜೊತೆಯ ಆರ್ಡರ್

ಅಷ್ಟರಲ್ಲಿ ವಿಜಯನಗರದ ಒಬ್ಬರು ಶ್ರಾವಣದ ಮದುವೆಗೆ ಅಂತ ನೂರು ಜೊತೆ ಬಳೆ ಕೇಳಿದರು. ಜೊತೆಗೆ 60 ರೂಪಾಯಿ ಕೊಡ್ತೀವಿ ಅಂದರು. ಒಟ್ಟಿಗೆ ಆರು ಸಾವಿರ. ಅತ್ತಿಗೆಗೆ ಇದು ಅಲ್ಲಿಯವರೆಗಿನ ಅತಿ ದೊಡ್ಡ ಆರ್ಡರ್. ಸಾಮಾನಿಗೆ ಮೂವತ್ತು ರೂಪಾಯಿ ಹೋದರೂ ಮೂರು ಸಾವಿರ ಉಳಿಯುತ್ತಲ್ಲ ಅಂತ ಒಪ್ಪಿಕೊಳ್ಳುವವರಿದ್ದರು. "ಒಂದು ಜೊತೆಯದ್ದು ಪೂರ್ತಿ ಬರೆದು ನೋಡೋಣ ಅತ್ತಿಗೆ" ಅಂದೆ. ಬರೆದದ್ದು ಹೀಗಿದೆ:

ಪ್ಲಾಸ್ಟಿಕ್ ತಳ ಎರಡು – 6 ರೂಪಾಯಿ
ರೇಷ್ಮೆ ದಾರ ಅರ್ಧ ರೋಲ್ – 6
ಸ್ಟೋನ್ ಚೈನ್ 40 ಸೆಂಟಿಮೀಟರ್ – 12
ಬಿಡಿ ಸ್ಟೋನ್ – 3
ಗಮ್ – 1.75
ಡಬ್ಬಿ, ಕವರ್ – 8
ಪೇಟೆಗೆ ಓಡಾಟದ ಪಾಲು – 3

ಒಟ್ಟು 39 ರೂಪಾಯಿ 75 ಪೈಸೆ. ನಲವತ್ತು ಅಂದುಕೊಳ್ಳಿ. ಡಬ್ಬಿ, ಮೆಟ್ರೊ, ಆಟೊ ಇವೆಲ್ಲ ಅತ್ತಿಗೆಯ ಅಂದಾಜಿನಲ್ಲಿ ಇರಲೇ ಇಲ್ಲ. ರಾಜಾಜಿನಗರದಿಂದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆಗೆ ನೇರ ಹೋಗಬಹುದು ನಿಜ, ಆದರೆ ಎರಡು ಕೈಯಲ್ಲಿ ಚೀಲ ಹಿಡಿದು ವಾಪಸ್ ಬರುವಾಗ ಸ್ಟೇಷನ್ನಿನಿಂದ ಮನೆಗೆ ಆಟೊ ಬೇಕೇ ಬೇಕು.

ಆಮೇಲೆ ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಅತ್ತಿಗೆ ಒಂದು ಜೊತೆ ಮಾಡಿದರು. ದಾರ ಸುತ್ತೋದು, ಗಮ್ ಹಚ್ಚೋದು, ಚೈನ್ ಕೂರಿಸೋದು. ಒಣಗುವ ಸಮಯ ಬಿಟ್ಟು 50 ನಿಮಿಷ. ನೂರು ಜೊತೆಗೆ 83 ಗಂಟೆ. 60ರಲ್ಲಿ 40 ಹೋದರೆ ಜೊತೆಗೆ 20 ರೂಪಾಯಿ, ಒಟ್ಟು ಎರಡು ಸಾವಿರ. ಗಂಟೆಗೆ 24 ರೂಪಾಯಿ.

ಅತ್ತಿಗೆ ಆ 24ನ್ನು ನೋಡುತ್ತಾ ಕೂತುಬಿಟ್ಟರು. ಕತ್ತು ನೋವು ಅಂತ ರಾತ್ರಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುವ ಹೆಂಗಸು ಅವರು.

ಆದರೆ ಪಟ್ಟಿಯನ್ನೇ ಇನ್ನೊಂದು ಸಲ ನೋಡಿದರೆ ಅದರಲ್ಲಿ ದಾರಿಯೂ ಇತ್ತು. ಅತಿ ಹೆಚ್ಚು ಬೆಲೆಯದ್ದು ಸ್ಟೋನ್ ಚೈನ್, ಅತಿ ಹೆಚ್ಚು ಹೊತ್ತು ತಿನ್ನೋದೂ ಅದೇ. ಚೈನ್ ಮತ್ತು ಬಿಡಿ ಸ್ಟೋನ್ ಬಿಟ್ಟು, ಎರಡು ಬಣ್ಣದ ದಾರ ಪಟ್ಟೆ ಪಟ್ಟೆಯಾಗಿ ಸುತ್ತಿದರೆ ಖರ್ಚು 25 ರೂಪಾಯಿ, ಸಮಯ 30 ನಿಮಿಷ. ಅತ್ತಿಗೆ ಎರಡು ಮಾದರಿ ಮಾಡಿ ತಗೊಂಡು ಹೋದರು. ಸಾದಾ ಬಳೆ ಜೊತೆಗೆ 65, ಸ್ಟೋನ್ ಇರೋದು 95. ಅವರು ಎರಡು ದಿನ ಯೋಚಿಸಿ, ಹತ್ತಿರದ ನೆಂಟರಿಗೆ ಅಂತ ಸ್ಟೋನ್ ಇರೋದು 25 ಜೊತೆ, ಉಳಿದವರಿಗೆ ಸಾದಾ 75 ಜೊತೆ ಹೇಳಿದರು. ಒಟ್ಟು 7,250 ರೂಪಾಯಿ. ಉಳಿದದ್ದು 4,375. ಹಿಡಿದದ್ದು ಸುಮಾರು 58 ಗಂಟೆ. ಗಂಟೆಗೆ 75 ರೂಪಾಯಿ.

ದೊಡ್ಡ ಮೊತ್ತ ಅಲ್ಲ, ಒಪ್ಪುತ್ತೀನಿ. ಆದರೆ 24ಕ್ಕೂ 75ಕ್ಕೂ ಇರುವ ವ್ಯತ್ಯಾಸ ಅತ್ತಿಗೆಯ ಕೈಚಳಕದಿಂದ ಬಂದದ್ದಲ್ಲ, ಕೈಚಳಕ ಮೊದಲೂ ಇತ್ತು. ಅದು ಬರೆದು ನೋಡಿದ್ದರಿಂದ ಬಂದದ್ದು. "ಕಮ್ಮಿ ಮಾಡ್ಕೊಳ್ಳಿ" ಅಂದಾಗ ಈಗ ಅವರು ಬೆಲೆ ಇಳಿಸೋದಿಲ್ಲ. ಯಾವ ಸಾಮಾನು ತೆಗೀಲಿ ಅಂತ ಕೇಳ್ತಾರೆ.

ಯುಪಿಐ ಖಾತೆ ಬೇರೆ

ಅದೇ ಜುಲೈನಲ್ಲಿ ಇನ್ನೊಂದು ಗಾಬರಿ. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿದ್ದು ನಿಮಗೂ ನೆನಪಿರುತ್ತೆ. ಅತ್ತಿಗೆ ಹೆದರಿ ಕ್ಯೂಆರ್ ಕೋಡ್ ಸ್ಟ್ಯಾಂಡ್ ತೆಗೆದು ಬೀರುವಿನಲ್ಲಿಟ್ಟರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಅತ್ತಿಗೆ ಅದರ ಹತ್ತಿರಕ್ಕೂ ಇಲ್ಲ. ಆದರೆ ಅವರ ಖಾತೆಯಲ್ಲಿ ಬಳೆ ದುಡ್ಡು, ಚೀಟಿ ದುಡ್ಡು, ಅಪಾರ್ಟ್‌ಮೆಂಟಿನವರು ಗಣೇಶನ ಹಬ್ಬಕ್ಕೆ ಕಳಿಸಿದ ದುಡ್ಡು ಎಲ್ಲ ಕಲಸಿಹೋಗಿತ್ತು. ಬಳೆಗೆಂದೇ ಬೇರೆ ಸೇವಿಂಗ್ಸ್ ಖಾತೆ ತೆರೆದು ಕ್ಯೂಆರ್ ಕೋಡನ್ನ ಅದಕ್ಕೆ ಜೋಡಿಸಿದೆವು. ಈಗ ಬ್ಯಾಂಕ್ ಸ್ಟೇಟ್‌ಮೆಂಟೇ ಅರ್ಧ ಲೆಕ್ಕ ಬರೆದುಕೊಡುತ್ತೆ.

ಉಡುಗೊರೆಯ ಕಾಲಮ್

ಲೆಕ್ಕದಲ್ಲಿ ಕಷ್ಟದ ಭಾಗ ಅಂದರೆ ನೆಂಟರು. ಸೀಮಂತಕ್ಕೆ, ಗೌರಿ ಬಾಗಿನಕ್ಕೆ ಬಳೆ ಕೇಳುವ ಚಿಕ್ಕಮ್ಮನ ಹತ್ತಿರ 95 ರೂಪಾಯಿ ಕೇಳೋದು ಹೇಗೆ? ಅತ್ತಿಗೆಗೆ ಅದು ಆಗೋದೂ ಇಲ್ಲ, ಆಗಬೇಕು ಅಂತಲೂ ನನಗೆ ಅನ್ನಿಸೋದಿಲ್ಲ. ಅದಕ್ಕೆ ಶೀಟಿನಲ್ಲಿ "ಉಡುಗೊರೆ" ಅಂತ ಒಂದು ಕಾಲಮ್ ಹಾಕಿದೆವು. 95ರ ಬಳೆಯನ್ನ 50ಕ್ಕೆ ಕೊಟ್ಟರೆ 45 ಉಡುಗೊರೆ. ಆ ದುಡ್ಡು ಬಳೆ ಖಾತೆಗೆ ನಮ್ಮ ಮನೆಖರ್ಚಿನಿಂದ ಹೋಗಬೇಕು, ಯಾಕೆಂದರೆ ಮುಯ್ಯಿ ಮಾಡುತ್ತಿರೋದು ಮನೆ, ಅತ್ತಿಗೆಯ ಕತ್ತು ನೋವಲ್ಲ. ಇದನ್ನ ಹೇಳಿದ್ದು ನಾನಲ್ಲ, ಶೀಟನ್ನ ಮೊದಲ ಸಲ ಪೂರ್ತಿ ನೋಡಿದ ಅಣ್ಣ. ಪ್ರತಿ ತಿಂಗಳು ಒಂದನೇ ತಾರೀಖು ಅವನೇ ಕಳಿಸ್ತಾನೆ.

ಕ್ಲಿನಿಕ್‌ನವರಿಗೆ ಅತ್ತಿಗೆ ಬರಲ್ಲ ಅಂತ ಹೇಳಿದರು. ಸಂಬಳ ಇದಕ್ಕಿಂತ ಜಾಸ್ತಿ ಇತ್ತು, ಅದೂ ಲೆಕ್ಕದಲ್ಲಿದೆ. ಮಗಳು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಯಲ್ಲಿರಬೇಕು ಅನ್ನೋದನ್ನೂ ಅವರು ತೂಗಿ ನೋಡಿ, ಒಂದು ವರ್ಷ ಇದನ್ನೇ ಮಾಡ್ತೀನಿ, ಗಂಟೆಗೆ ನೂರು ರೂಪಾಯಿ ಮುಟ್ಟದಿದ್ದರೆ ಮತ್ತೆ ಕೆಲಸ ಹುಡುಕ್ತೀನಿ ಅಂದಿದ್ದಾರೆ. ಈಗ ಚನ್ನಪಟ್ಟಣದ ಮಣಿಗಳ ಮೇಲೆ ಕಣ್ಣು. ಹಾಲೆ ಮರದ ಹಗುರ ಮಣಿ, ಮೇಲೆ ಅರಗಿನ ಬಣ್ಣ. ಗಮ್ ಬೇಡ, ಒಣಗಿಸೋದು ಬೇಡ, ಪೋಣಿಸಿದರೆ ಸರ ಸಿದ್ಧ. ಮೊನ್ನೆ ಮೊದಲ ಮಾದರಿಗೆ ಸ್ಟಾಪ್‌ವಾಚ್ ಇಟ್ಟು, ನನಗೆ ಬರೀ ಒಂದು ಅಂಕಿ ಕಳಿಸಿದರು: 18 ನಿಮಿಷ.